ಬುಟ್ಟಿಯ ಅಂಚಿನಿಂದ ಒಂದು ಹೆಜ್ಜೆ

ಕೇಂದ್ರ ಸರ್ಕಾರವು 2022ರ ಜೂನ್ ತಿಂಗಳಲ್ಲಿ ರಾಷ್ಟ್ರೀಯ ವಾಯುಕ್ರೀಡಾ ನೀತಿಯನ್ನು ಪ್ರಕಟಿಸಿತು. 2030ರ ವೇಳೆಗೆ ಭಾರತವನ್ನು ವಿಶ್ವದ ಮುಂಚೂಣಿಯ ವಾಯುಕ್ರೀಡಾ ರಾಷ್ಟ್ರಗಳ ಸಾಲಿಗೆ ಸೇರಿಸುವುದು ಅದರ ಉದ್ದೇಶ. ನೀತಿಯ ವ್ಯಾಪ್ತಿಗೆ ಬರುವ ಕ್ರೀಡೆಗಳ ಪಟ್ಟಿಯಲ್ಲಿ ಬಲೂನು ಹಾರಾಟವೂ ಇದೆ, ಸ್ಕೈಡೈವಿಂಗ್ ಎಂದು ಕರೆಯಲಾಗುವ ಆಕಾಶ ಜಿಗಿತವೂ ಇದೆ. ಇವೆರಡೂ ಸಂಧಿಸುವ ಒಂದು ವಿಶಿಷ್ಟ ಸಾಹಸವಿದೆ: ಬಿಸಿಗಾಳಿ ಬಲೂನಿನಲ್ಲಿ ಮೇಲೇರಿ, ಅದರ ಬೆತ್ತದ ಬುಟ್ಟಿಯ ಅಂಚಿನಿಂದ ಕೆಳಕ್ಕೆ ಧುಮುಕುವುದು. ಜಿಗಿತದಲ್ಲಿ ಅನುಭವವಿರುವವರು ಕೂಡ ಇದನ್ನು ಒಂದು ಬೇರೆಯೇ ಅನುಭವವೆಂದು ಬಣ್ಣಿಸುತ್ತಾರೆ.

ಅಡಿಕೆ ತೋಟಗಳ ನಡುವಿನ ವಿಟ್ಲದಂತಹ ಊರಿನಲ್ಲಿ ನೆಲೆಸಿರುವ ನನ್ನಂತಹ ನಿವೃತ್ತನಿಗೆ ಇದರ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಬಲೂನಿನಿಂದ ಧುಮುಕುವ ವಯಸ್ಸೂ ದೇಹವೂ ನನ್ನದಲ್ಲ. ಆದರೆ ಮನುಷ್ಯನು ಅಪಾಯವನ್ನು ಹೇಗೆ ಅಳೆಯುತ್ತಾನೆ, ಹೇಗೆ ಅದಕ್ಕೆ ಬೆಲೆ ಕಟ್ಟುತ್ತಾನೆ, ಯಾವ ಅಪಾಯಕ್ಕೆ ಸಮಾಜವು ಚಪ್ಪಾಳೆ ತಟ್ಟುತ್ತದೆ ಮತ್ತು ಯಾವುದನ್ನು ಕಂಡೂ ಕಾಣದಂತಿರುತ್ತದೆ ಎಂಬ ಪ್ರಶ್ನೆಗಳು ಅರ್ಥಶಾಸ್ತ್ರದ ವಿದ್ಯಾರ್ಥಿಯನ್ನು ಸುಲಭವಾಗಿ ಬಿಡುವುದಿಲ್ಲ. ಎತ್ತರದ ಸಂಗತಿಯಂತೂ ನಮ್ಮ ಊರಿಗೆ ಹೊಸದಲ್ಲ. ಇಲ್ಲಿಯ ಜನ ತಲೆಮಾರುಗಳಿಂದ ನೆಲ ಬಿಟ್ಟು ಐವತ್ತು ಅಡಿ ಮೇಲೆ ದುಡಿಯುತ್ತ ಬಂದವರು.

ಗಾಳಿಯಿಲ್ಲದ ಆಕಾಶ

ಮೊದಲು ಅನುಭವದ ಮಾತು. ಬಲೂನು ಹಾರುವುದು ಸಾಮಾನ್ಯವಾಗಿ ಸೂರ್ಯೋದಯದ ಆಸುಪಾಸಿನಲ್ಲಿ. ನೆಲ ಕಾಯ್ದು ಗಾಳಿ ಮೇಲೇಳಲು ಆರಂಭಿಸಿದರೆ ಬಲೂನನ್ನು ಅಂಕೆಯಲ್ಲಿ ಇಡುವುದು ಕಷ್ಟ. ಆದ್ದರಿಂದ ಮುಂಜಾನೆಯ ತಂಪಿನಲ್ಲಿ, ಎಲೆ ಅಲುಗದ ಹೊತ್ತಿನಲ್ಲಿ, ಪ್ರೊಪೇನ್ ಅನಿಲದ ಜ್ವಾಲೆಯಿಂದ ನೈಲಾನ್ ಚೀಲದೊಳಗಿನ ಗಾಳಿಯನ್ನು ಕಾಯಿಸುತ್ತಾರೆ. ಅನ್ನ ಬೇಯುವ ಪಾತ್ರೆಯ ಮುಚ್ಚಳವನ್ನು ಎತ್ತುವುದು ಹಬೆಯ ಒತ್ತಡ. ಇಲ್ಲಿ ನಡೆಯುವುದು ಅದಲ್ಲ. ಬಿಸಿಯಾದ ಗಾಳಿ ಹಿಗ್ಗಿ ಹಗುರಾಗುತ್ತದೆ, ಸುತ್ತಲಿನ ತಣ್ಣನೆಯ ಭಾರದ ಗಾಳಿ ಅದನ್ನು ಮೇಲಕ್ಕೆ ನೂಕುತ್ತದೆ. ನೀರಿನಲ್ಲಿ ಮುಳುಗಿಸಿದ ಒಣ ತೆಂಗಿನಕಾಯಿ ಮೇಲೆ ಬರುವಂತೆ.

ಒಂದು ಘನ ಮೀಟರ್ ತಣ್ಣನೆಯ ಗಾಳಿಯ ತೂಕ ಸುಮಾರು 1.2 ಕಿಲೋಗ್ರಾಂ. ಅದೇ ಗಾಳಿಯನ್ನು ನೂರು ಡಿಗ್ರಿಗೆ ಕಾಯಿಸಿದರೆ ತೂಕ 0.95 ಕಿಲೋಗ್ರಾಂಗೆ ಇಳಿಯುತ್ತದೆ. ಉಳಿತಾಯ ಕಾಲು ಕಿಲೋ ಮಾತ್ರ. ಆದರೆ ಚೀಲದ ಗಾತ್ರ 2,800 ಘನ ಮೀಟರ್ ಆದಾಗ ಆ ಕಾಲು ಕಿಲೋಗಳೆಲ್ಲ ಸೇರಿ 700 ಕಿಲೋದಷ್ಟು ಭಾರವನ್ನು ಎತ್ತಬಲ್ಲವು. ಚೀಲ, ಬುಟ್ಟಿ, ಅನಿಲದ ಸಿಲಿಂಡರುಗಳು, ಚಾಲಕ, ಜಿಗಿಯುವವರು ಎಲ್ಲರೂ ಈ ಲೆಕ್ಕದೊಳಗೇ ಇರಬೇಕು.

ಮೇಲೇರಿದ ಬಳಿಕ ಮೊದಲಿಗೆ ಗಮನಕ್ಕೆ ಬರುವುದು ಗಾಳಿಯ ಅಭಾವ. ಬಲೂನು ಗಾಳಿಯೊಡನೆಯೇ, ಗಾಳಿಯ ವೇಗದಲ್ಲೇ ಸಾಗುವುದರಿಂದ ಬುಟ್ಟಿಯಲ್ಲಿ ನಿಂತವನ ಮುಖಕ್ಕೆ ಗಾಳಿ ತಾಗುವುದಿಲ್ಲ. ಜ್ವಾಲೆಯನ್ನು ನಿಲ್ಲಿಸಿದ ಕ್ಷಣದಲ್ಲಿ ಆವರಿಸುವ ನಿಶ್ಶಬ್ದದಲ್ಲಿ ಕೆಳಗಿನ ಊರಿನ ನಾಯಿ ಬೊಗಳುವುದು ಕೂಡ ಕೇಳಿಸುತ್ತದೆ. ವಿಚಿತ್ರವೆಂದರೆ ಮಹಡಿಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದಾಗ ಬರುವ ತಲೆಸುತ್ತು ಬಲೂನಿನಲ್ಲಿ ಅನೇಕರಿಗೆ ಬರುವುದಿಲ್ಲ. ಕಟ್ಟಡವಾದರೆ ಅದರ ಗೋಡೆ ನಮ್ಮ ಕಾಲಬುಡದಿಂದ ನೆಲದವರೆಗೆ ಇಳಿದು ಎತ್ತರವನ್ನು ಕಣ್ಣಿಗೆ ಅಳೆದು ತೋರಿಸುತ್ತದೆ. ಬಲೂನಿಗೂ ನೆಲಕ್ಕೂ ನಡುವೆ ಅಂತಹ ಗೆರೆಯಿಲ್ಲ. ಕೆಳಗಿನ ಗದ್ದೆ, ಕೆರೆ, ರಸ್ತೆಗಳು ಒಂದು ನಕ್ಷೆಯಂತೆ ಕಾಣುತ್ತವೆ. ನಕ್ಷೆಗೆ ಯಾರೂ ಹೆದರುವುದಿಲ್ಲ.

ಹೆದರಿಕೆ ಬರುವುದು ಬುಟ್ಟಿಯ ಅಂಚಿಗೆ ಕಾಲು ಹಾಕಿದಾಗ. ವಿಮಾನದಿಂದ ಜಿಗಿಯುವವನು ಬಾಗಿಲಿನಿಂದ ಹೊರಬಿದ್ದಾಗ ವಿಮಾನದ ವೇಗವನ್ನು ಹೊತ್ತುಕೊಂಡೇ ಬೀಳುತ್ತಾನೆ. ಗಂಟೆಗೆ 130-150 ಕಿಲೋಮೀಟರ್ ವೇಗದ ಗಾಳಿ ಆ ಕೂಡಲೇ ಅವನನ್ನು ಎದುರುಗೊಳ್ಳುತ್ತದೆ. ಆ ಗಾಳಿಯೇ ಒಂದು ಬಗೆಯ ಆಸರೆ. ಅದರ ಮೇಲೆ ಒರಗಿಕೊಳ್ಳಬಹುದು, ಕೈಕಾಲು ಚಾಚಿ ದೇಹವನ್ನು ತಿರುಗಿಸಬಹುದು. ಹೀಗಾಗಿ ವಿಮಾನದಿಂದ ಜಿಗಿದವರಿಗೆ ‘ಬಿದ್ದೆ’ ಎಂಬ ಭಾವನೆಗಿಂತ ‘ಗಾಳಿಗೆ ಸಿಕ್ಕೆ’ ಎಂಬ ಭಾವನೆಯೇ ಹೆಚ್ಚು.

ಬಲೂನಿನಿಂದ ಹೆಜ್ಜೆ ಹೊರಗಿಟ್ಟವನಿಗೆ ಈ ಆಸರೆ ಇಲ್ಲ. ಅವನು ನಿಂತ ಗಾಳಿಯಲ್ಲಿ ನಿಂತ ಜಾಗದಿಂದ ಬೀಳುತ್ತಾನೆ. ಮೊದಲ ಸೆಕೆಂಡಿನಲ್ಲಿ ಸುಮಾರು 5 ಮೀಟರ್, ಎರಡನೆಯದರ ಕೊನೆಗೆ 20, ಮೂರನೆಯದರ ಕೊನೆಗೆ ಹತ್ತಿರ ಹತ್ತಿರ 45 ಮೀಟರ್. ಜಾತ್ರೆಯ ಜಯಂಟ್ ವೀಲ್ ಮೇಲಿನಿಂದ ಕೆಳಕ್ಕೆ ಇಳಿಯುವಾಗ ಹೊಟ್ಟೆಯೊಳಗೆ ಏನೋ ಮೇಲೇರಿದಂತಾಗುತ್ತದಲ್ಲ, ಆ ತಳಮಳವೇ ಇಲ್ಲಿ ಅರೆಗಳಿಗೆಗೆ ಮುಗಿಯದೆ ಮೂರು ನಾಲ್ಕು ಸೆಕೆಂಡುಗಳವರೆಗೆ ಬೆಳೆಯುತ್ತ ಹೋಗುತ್ತದೆ. ಆ ಹೊತ್ತಿನಲ್ಲಿ ಕೈಕಾಲು ಆಡಿಸಿ ಪ್ರಯೋಜನವಿಲ್ಲ, ಏಕೆಂದರೆ ಒತ್ತಿ ಹಿಡಿಯಲು ಗಾಳಿಯೇ ಇಲ್ಲ. ಹೊರಬೀಳುವಾಗ ದೇಹ ಸ್ವಲ್ಪ ಓರೆಯಾದರೂ ಮಗುಚಿಕೊಳ್ಳುವ ಸಂಭವವಿದೆ. ಹಾಗಾಗಿ ತರಬೇತುದಾರರು ಕೊಡುವ ಸಲಹೆ ಸರಳ: ಹಾರಬೇಡ, ತಳ್ಳಿಕೊಳ್ಳಬೇಡ, ಮೆಟ್ಟಿಲು ಇಳಿದಂತೆ ಸುಮ್ಮನೆ ಹೆಜ್ಜೆ ಇಡು, ಗಾಳಿ ಬರುವವರೆಗೆ ಕಾಯಿ.

ಗಾಳಿ ಬಂದೇ ಬರುತ್ತದೆ. ಮೊದಲು ಕಿವಿಯ ಬಳಿ ಪಿಸುಮಾತಿನಂತೆ, ಆಮೇಲೆ ಬಟ್ಟೆ ಪಟಪಟಿಸುವಂತೆ, ಕೊನೆಗೆ ಭೋರ್ಗರೆತವಾಗಿ. ಮೂರನೆಯ ಸೆಕೆಂಡಿಗೆ ವೇಗ ಗಂಟೆಗೆ ನೂರು ಕಿಲೋಮೀಟರ್ ಮುಟ್ಟುತ್ತದೆ. ಹತ್ತು ಹನ್ನೆರಡು ಸೆಕೆಂಡುಗಳಲ್ಲಿ ಅದು ಇನ್ನೂರರ ಸಮೀಪಕ್ಕೆ ಹೋಗಿ ಅಲ್ಲಿ ನಿಲ್ಲುತ್ತದೆ. ಕೆಳಕ್ಕೆ ಎಳೆಯುವ ಗುರುತ್ವವೂ ಮೇಲಕ್ಕೆ ತಡೆಯುವ ಗಾಳಿಯೂ ಸಮನಾದ ಸ್ಥಿತಿ ಅದು. ಅಷ್ಟರಲ್ಲಿ ಸುಮಾರು 450 ಮೀಟರ್ ಕೆಳಗೆ ಬಂದಿರುತ್ತಾನೆ. ಅಲ್ಲಿಂದ ಮುಂದೆ ಬೀಳುತ್ತಿರುವ ಅನುಭವ ಇರುವುದಿಲ್ಲ, ಗಾಳಿಯ ಹಾಸಿಗೆಯ ಮೇಲೆ ಮಲಗಿದಂತೆ ಇರುತ್ತದೆ ಎನ್ನುತ್ತಾರೆ ಜಿಗಿದವರು. ಬಳಿಕ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ, ಹೆಗಲು ಸೊಂಟಗಳನ್ನು ಯಾರೋ ಹಿಡಿದೆತ್ತಿದಂತಾಗುತ್ತದೆ, ಮತ್ತೆ ಮುಂಜಾನೆಯ ನಿಶ್ಶಬ್ದ. ಹೊರಗಿನವರ ಗಡಿಯಾರದಲ್ಲಿ ಅರ್ಧ ನಿಮಿಷವೂ ಆಗಿರುವುದಿಲ್ಲ.

ಒಬ್ಬ ಇಳಿದರೆ ಉಳಿದವರ ಪಾಡು

ಬಲೂನಿನ ಜಿಗಿತದಲ್ಲಿ ಇನ್ನೊಂದು ಸೂಕ್ಷ್ಮವಿದೆ. ದೋಣಿಯಿಂದ ಒಬ್ಬ ನೀರಿಗೆ ಹಾರಿದರೆ ದೋಣಿ ಅಲುಗುವಂತೆ, ಬುಟ್ಟಿಯಿಂದ ಒಬ್ಬ ಹೊರಬಿದ್ದರೆ ಬಲೂನು ಇದ್ದಲ್ಲಿ ಇರುವುದಿಲ್ಲ. ಎಪ್ಪತ್ತು ಎಂಬತ್ತು ಕಿಲೋ ಎಂದರೆ ಅದು ಎತ್ತುವ ಒಟ್ಟು ಭಾರದ ಹತ್ತನೆಯ ಒಂದು ಭಾಗಕ್ಕೂ ಹೆಚ್ಚು. ಆ ಭಾರ ಹಠಾತ್ತನೆ ಕಳೆದಾಗ ಬಲೂನು ಮೇಲಕ್ಕೆ ನೆಗೆಯುತ್ತದೆ. ಆದ್ದರಿಂದ ನುರಿತ ಚಾಲಕ ಜಿಗಿತಕ್ಕೆ ಮೊದಲೇ ಬಲೂನನ್ನು ನಿಧಾನವಾಗಿ ಇಳಿಮುಖವಾಗಿಸಿ, ಆಮೇಲೆ ಸಂಕೇತ ಕೊಡುತ್ತಾನೆ. ಜಿಗಿಯುವವನ ಧೈರ್ಯಕ್ಕಿಂತ ಚಾಲಕನ ಕೈಚಳಕ ಇಲ್ಲಿ ಮುಖ್ಯವಾಗುತ್ತದೆ. ಇಳಿಯುವ ಜಾಗವೂ ಮೊದಲೇ ನಿಗದಿಯಾಗಿರುವುದಿಲ್ಲ. ವಿಮಾನ ಗೊತ್ತಾದ ಮೈದಾನದ ಮೇಲೆ ಸುತ್ತು ಹಾಕಬಲ್ಲದು. ಬಲೂನು ಗಾಳಿ ಒಯ್ದಲ್ಲಿಗೆ ಹೋಗುತ್ತದೆ. ಕೆಳಗೆ ವಿದ್ಯುತ್ ತಂತಿ ಇದೆಯೋ, ಕೆರೆ ಇದೆಯೋ, ಕಬ್ಬಿನ ಗದ್ದೆ ಇದೆಯೋ ಎಂಬುದನ್ನು ಆ ಹೊತ್ತಿಗೇ ನೋಡಿ ನಿರ್ಧರಿಸಬೇಕು.

ಈ ತೂಕದ ಲೆಕ್ಕ ಎಷ್ಟು ಕ್ರೂರವಾಗಬಲ್ಲದೆಂಬುದನ್ನು ಎರಡು ದುರಂತಗಳು ತೋರಿಸಿವೆ. 2024ರ ಜನವರಿ 14ರಂದು ಅಮೆರಿಕದ ಅರಿಜೋನಾ ರಾಜ್ಯದ ಇಲಾಯ್ ಎಂಬಲ್ಲಿ 13 ಮಂದಿಯನ್ನು ಹೊತ್ತ ಬಲೂನೊಂದು ಮೇಲೇರಿತು. ಅವರಲ್ಲಿ ಎಂಟು ಮಂದಿ ಆಕಾಶ ಜಿಗಿತಗಾರರು. ಎಂಟೂ ಮಂದಿ ಯೋಜನೆಯಂತೆ ಜಿಗಿದು ಕ್ಷೇಮವಾಗಿ ನೆಲ ಮುಟ್ಟಿದರು. ಅನಂತರ ಬಲೂನು ನೆಲಕ್ಕಪ್ಪಳಿಸಿ ಚಾಲಕನೂ ಸೇರಿ ನಾಲ್ವರು ಸತ್ತರು. ಅಪಾಯವನ್ನು ಅರಸಿ ಹೋದವರು ಬದುಕಿದರು, ಸುರಕ್ಷಿತವಾಗಿ ಬುಟ್ಟಿಯಲ್ಲೇ ಉಳಿದವರು ಅಳಿದರು. 2025ರ ಜೂನ್ 21ರಂದು ಬ್ರೆಜಿಲ್‌ನಲ್ಲಿ 21 ಮಂದಿ ಇದ್ದ ಬಲೂನಿಗೆ ಬೆಂಕಿ ಹೊತ್ತಿಕೊಂಡಿತು. ಚಾಲಕ ಅದನ್ನು ನೆಲದ ಸಮೀಪಕ್ಕೆ ತಂದಾಗ 13 ಮಂದಿ ಹೊರಕ್ಕೆ ಹಾರಿ ಪಾರಾದರು. ಅವರ ಭಾರ ಕಳೆದೊಡನೆ ಬಲೂನು ಉಳಿದ ಎಂಟು ಮಂದಿಯೊಡನೆ ಮತ್ತೆ ಮೇಲಕ್ಕೇರಿತು. ಆ ಎಂಟೂ ಜನ ಉಳಿಯಲಿಲ್ಲ. ಒಬ್ಬರ ಬಿಡುಗಡೆ ಇನ್ನೊಬ್ಬರ ಸಂಕಟವಾಗುವ ಸಂದರ್ಭಗಳು ಅರ್ಥಶಾಸ್ತ್ರದ ಗ್ರಂಥಗಳಲ್ಲಿ ಧಾರಾಳವಾಗಿವೆ. ಇಷ್ಟು ನೇರವಾದ ಉದಾಹರಣೆ ವಿರಳ.

ವಿಮಾನಕ್ಕಿಂತ ಹಳೆಯ ವಿದ್ಯೆ

ಪ್ಯಾರಾಚೂಟ್ ಎಂದೊಡನೆ ನಮಗೆ ವಿಮಾನ ನೆನಪಾಗುತ್ತದೆ. ವಾಸ್ತವದಲ್ಲಿ ಪ್ಯಾರಾಚೂಟ್ ವಿಮಾನಕ್ಕಿಂತ ನೂರು ವರ್ಷಕ್ಕೂ ಮಿಕ್ಕಿ ಹಳೆಯದು, ಅದರ ಜೊತೆಗಾರ ಬಲೂನು. ಫ್ರಾನ್ಸಿನ ಮಾಂಗೊಲ್ಫಿಯೆ ಸಹೋದರರ ಬಿಸಿಗಾಳಿ ಬಲೂನು ಮನುಷ್ಯರನ್ನು ಸ್ವತಂತ್ರವಾಗಿ ಆಕಾಶಕ್ಕೆ ಒಯ್ದದ್ದು 1783ರ ನವೆಂಬರ್ 21ರಂದು. 14 ವರ್ಷಗಳ ತರುವಾಯ, 1797ರ ಅಕ್ಟೋಬರ್ 22ರಂದು, ಆಂದ್ರೆ ಝಾಕ್ ಗಾರ್ನರಿನ್ ಎಂಬಾತ ಪ್ಯಾರಿಸ್ಸಿನಲ್ಲಿ ಜಲಜನಕ ತುಂಬಿದ ಬಲೂನಿನಿಂದ ರೇಷ್ಮೆಯ ಪ್ಯಾರಾಚೂಟ್ ಮೂಲಕ ಇಳಿದ. ಆ ಪ್ಯಾರಾಚೂಟ್ ಗಡಿಯಾರದ ಲೋಲಕದಂತೆ ಓಲಾಡಿ ಅವನನ್ನು ಹೈರಾಣಾಗಿಸಿತು. ನೆತ್ತಿಯಲ್ಲಿ ಗಾಳಿ ಹೋಗಲು ಒಂದು ರಂಧ್ರ ಬಿಟ್ಟರೆ ಓಲಾಟ ತಗ್ಗುತ್ತದೆಂಬುದು ಆಮೇಲೆ ಗೊತ್ತಾಯಿತು. ಎರಡೇ ವರ್ಷಗಳಲ್ಲಿ, 1799ರಲ್ಲಿ, ಝಾನ್ ಲಾಬ್ರೋಸ್ ಎಂಬಾಕೆ ಹೀಗೆ ಇಳಿದ ಮೊದಲ ಮಹಿಳೆಯೆನಿಸಿದಳು.

ಭಾರತಕ್ಕೆ ಈ ವಿದ್ಯೆಯನ್ನು ತಂದವನು ಇಂಗ್ಲೆಂಡಿನ ಪರ್ಸಿವಲ್ ಸ್ಪೆನ್ಸರ್. ಅವನು 1889ರಲ್ಲಿ ಮುಂಬಯಿ, ಕೋಲ್ಕತ್ತಗಳಲ್ಲಿ ಅನಿಲ ತುಂಬಿದ ಬಲೂನಿನಲ್ಲಿ ಮೇಲೇರಿ ಜನರನ್ನು ಬೆರಗುಗೊಳಿಸಿದ. ಅವನಿಂದ ಕಲಿತ ಬಂಗಾಳದ ರಾಮಚಂದ್ರ ಚಟರ್ಜಿ 1890ರಲ್ಲಿ ಕೋಲ್ಕತ್ತದಲ್ಲಿ ಬಲೂನಿನಿಂದ ಪ್ಯಾರಾಚೂಟ್ ಮೂಲಕ ಇಳಿದು ಆ ಸಾಧನೆ ಮಾಡಿದ ಮೊದಲ ಭಾರತೀಯರೆನಿಸಿದರು. ಚಟರ್ಜಿ ಅಧಿಕಾರಿಯೂ ಅಲ್ಲ, ಜಮೀನ್ದಾರರೂ ಅಲ್ಲ, ಕಸರತ್ತುಪಟು. ಹಗ್ಗ, ಕಂಬಗಳ ಮೇಲೆ ದೇಹವನ್ನು ಪಳಗಿಸಿಕೊಂಡವರು. ದೇಶ ಅವರನ್ನು ಬಹುಬೇಗ ಮರೆಯಿತು. ರೈಟ್ ಸಹೋದರರ ವಿಮಾನ ಹಾರಿದ್ದು 1903ರಲ್ಲಿ ಎಂಬುದನ್ನು ನೆನೆದರೆ ಈ ಸಾಹಸದ ಬೆಲೆ ತಿಳಿದೀತು.

ಪ್ರೊಪೇನ್ ಜ್ವಾಲೆಯ ಆಧುನಿಕ ಬಿಸಿಗಾಳಿ ಬಲೂನು ಬಂದದ್ದು 1960ರಲ್ಲಿ, ಅಮೆರಿಕದ ಎಡ್ ಯೋಸ್ಟ್ ಅವರ ಪ್ರಯತ್ನದಿಂದ. ಅದೇ ವರ್ಷದ ಆಗಸ್ಟ್ 16ರಂದು ಜೋ ಕಿಟಿಂಜರ್ ಹೀಲಿಯಂ ಬಲೂನಿನ ತೆರೆದ ತೊಟ್ಟಿಲಿನಿಂದ 1,02,800 ಅಡಿ ಎತ್ತರದಲ್ಲಿ ಹೊರಕ್ಕೆ ಹೆಜ್ಜೆ ಇಟ್ಟರು. ಆ ದಾಖಲೆ 52 ವರ್ಷ ಉಳಿಯಿತು. 2012ರ ಅಕ್ಟೋಬರ್ 14ರಂದು ಫೆಲಿಕ್ಸ್ ಬೌಮ್‌ಗಾರ್ಟ್ನರ್ ಸುಮಾರು 39 ಕಿಲೋಮೀಟರ್ ಎತ್ತರದಿಂದ ಜಿಗಿದು, ಬೀಳುತ್ತಲೇ ಶಬ್ದದ ವೇಗವನ್ನು ಮೀರಿದರು. ಅದನ್ನು ದೂರದರ್ಶನದಲ್ಲಿ ಕಂಡವರು ನಮ್ಮಲ್ಲೂ ಬಹಳ. 2014ರಲ್ಲಿ ಅಲನ್ ಯೂಸ್ಟೇಸ್ 41 ಕಿಲೋಮೀಟರ್ ಮೀರಿದ ಎತ್ತರದಿಂದ ಇಳಿದದ್ದು ಅಷ್ಟು ಸುದ್ದಿಯಾಗಲಿಲ್ಲ. ಬಾಹ್ಯಾಕಾಶದ ಅಂಚಿನಿಂದ ಕ್ಷೇಮವಾಗಿ ಬಂದ ಬೌಮ್‌ಗಾರ್ಟ್ನರ್ 2025ರ ಜುಲೈನಲ್ಲಿ ಇಟಲಿಯಲ್ಲಿ ಪ್ಯಾರಾಗ್ಲೈಡಿಂಗ್ ಅಪಘಾತದಲ್ಲಿ ತೀರಿಕೊಂಡರು. ಅಪಾಯಕ್ಕೆ ಎತ್ತರದ ಹಂಗಿಲ್ಲ.

ಭಾರತದ ಪಾಲೂ ಕಡಿಮೆಯದಲ್ಲ. ವಿಜಯಪತ್ ಸಿಂಘಾನಿಯಾ 2005ರ ನವೆಂಬರ್ 26ರಂದು ಮುಂಬಯಿಯಿಂದ ಬಿಸಿಗಾಳಿ ಬಲೂನಿನಲ್ಲಿ ಹೊರಟು 69,852 ಅಡಿ ಏರಿ ವಿಶ್ವದಾಖಲೆ ಮಾಡಿದರು. ರೇಚೆಲ್ ಥಾಮಸ್ 2002ರಲ್ಲಿ, ಶೀತಲ್ ಮಹಾಜನ್ 2004ರಲ್ಲಿ ಉತ್ತರ ಧ್ರುವದ ಮೇಲೆ ಜಿಗಿದರು. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ ಸೇನೆಯ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲಿದೆ. ಯಲಹಂಕದಲ್ಲಿ 1996ರಿಂದ ನಡೆಯುತ್ತಿರುವ ಏರೋ ಇಂಡಿಯಾ ಪ್ರದರ್ಶನವಿದೆ. ವಾಯುಪಡೆಯ ಜಿಗಿತ ತಂಡ ‘ಆಕಾಶಗಂಗಾ’ದ ತ್ರಿವರ್ಣ ಪ್ಯಾರಾಚೂಟುಗಳನ್ನು ಕಂಡು ಮಕ್ಕಳು ಕೇಕೆ ಹಾಕಿದ್ದನ್ನು ನಾಡು ನೋಡಿದೆ. ಮೈಸೂರಿನಲ್ಲಿ ನಾಗರಿಕರಿಗಾಗಿ ಜಿಗಿತದ ಶಿಬಿರಗಳು ನಡೆದಿವೆ. ಹಂಪಿ, ಮೈಸೂರುಗಳಲ್ಲಿ ಬಲೂನುಗಳು ಹಾರಿವೆ. ಬಯಲುಸೀಮೆಯ ವಿಶಾಲ ನೆಲ ಇದಕ್ಕೆ ಒಪ್ಪುತ್ತದೆ. ಕರಾವಳಿಯ ನಮ್ಮ ಗುಡ್ಡ ಕಣಿವೆಗಳು, ಇಳಿಯಲು ಜಾಗ ಕೊಡದ ತೋಟಗಳು, ಹೊತ್ತೇರಿದಂತೆ ಬೀಸುವ ಕಡಲ ಗಾಳಿ, ನಾಲ್ಕು ತಿಂಗಳ ಮಳೆ ಇವೆಲ್ಲ ಬಲೂನಿಗೆ ಶತ್ರುಗಳು.

ಆಯ್ದುಕೊಂಡ ಅಪಾಯ, ಒದಗಿ ಬಂದ ಅಪಾಯ

ಹಾಗಿದ್ದರೂ ಎತ್ತರದ ಬಗ್ಗೆ ವಿಟ್ಲಕ್ಕೆ ಹೇಳುವ ಮಾತಿದೆ. ನಮ್ಮ ಅಡಿಕೆ ತೋಟಗಳಲ್ಲಿ ಗೊನೆ ಇಳಿಸುವ ನುರಿತ ಕೆಲಸಗಾರ ಪಾದಗಳಿಗೆ ತಳೆ ಹಾಕಿ, ಬೊಗಸೆಯಷ್ಟು ದಪ್ಪದ ಕಾಂಡವನ್ನು ತಬ್ಬಿ, ಐವತ್ತು ಅರುವತ್ತು ಅಡಿ ಏರುತ್ತಾನೆ. ಒಂದು ಮರದ ಕೆಲಸ ಮುಗಿದರೆ ಕೆಳಗಿಳಿಯುವುದಿಲ್ಲ. ಮರವನ್ನೇ ಓಲಾಡಿಸಿ ಪಕ್ಕದ ಮರವನ್ನು ಹಿಡಿದು ಅದಕ್ಕೆ ದಾಟಿಕೊಳ್ಳುತ್ತಾನೆ. ಮಳೆಗಾಲದಲ್ಲಿ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಸಿಂಪಡಿಸುವಾಗ ಪಾಚಿಗಟ್ಟಿದ ಕಾಂಡ ಜಾರುತ್ತದೆ, ಗಾಳಿ ಬೀಸುತ್ತದೆ. 15 ಮೀಟರ್ ಮೇಲಿಂದ ಕೈ ತಪ್ಪಿದರೆ ನೆಲ ಸೇರಲು ಎರಡು ಸೆಕೆಂಡೂ ಬೇಡ. ಆಗಿನ ವೇಗ ಗಂಟೆಗೆ ಅರುವತ್ತು ಕಿಲೋಮೀಟರ್. ಪ್ಯಾರಾಚೂಟ್ ಕಟ್ಟಿಕೊಂಡವನು ಸಾವಿರ ಮೀಟರ್ ಮೇಲಿಂದ ಬಂದರೂ ನೆಲ ಮುಟ್ಟುವುದು ಒಂದಾಳೆತ್ತರದ ಪಾಗಾರದಿಂದ ಹಾರಿದಷ್ಟೇ ವೇಗದಲ್ಲಿ. ಎತ್ತರ ಕಡಿಮೆಯಾದಷ್ಟೂ ಸುರಕ್ಷಿತ ಎಂಬ ನಮ್ಮ ಅಂದಾಜು ಎಷ್ಟು ತಪ್ಪೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಬಲೂನಿನ ಜಿಗಿತದ ಚಿತ್ರವೊಂದನ್ನು ತೋಟಕ್ಕೆ ಬರುವ ಹಿರಿಯ ಕೆಲಸಗಾರರಿಗೆ ತೋರಿಸಿದಾಗ ಅವರು ನೋಡಿದ್ದು ಎತ್ತರವನ್ನಲ್ಲ, ಬೆನ್ನಿನ ಚೀಲವನ್ನು. “ಅವರಿಗೆ ಎರಡೆರಡು ಕೊಡೆ ಉಂಟಲ್ಲ ಧನಿಗಳೇ, ನಮಗೆ ಒಂದೂ ಇಲ್ಲ” ಎಂದರು.

ಆ ಮಾತಿನಲ್ಲಿ ಅರ್ಥಶಾಸ್ತ್ರದ ಒಂದು ಹಳೆಯ ಪ್ರಕರಣ ಅಡಗಿದೆ. ಆಡಂ ಸ್ಮಿತ್ 1776ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಕೂಲಿಯ ಏರಿಳಿತಕ್ಕೆ ಕಾರಣಗಳನ್ನು ಹುಡುಕುತ್ತ, ಕಷ್ಟದ ಅಥವಾ ಅಹಿತಕರವಾದ ಕೆಲಸಕ್ಕೆ ಹೆಚ್ಚು ಕೂಲಿ ದೊರೆಯಬೇಕಾದದ್ದು ಸಹಜ ಎನ್ನುತ್ತಾನೆ. ಅದರೊಡನೆ ಇನ್ನೊಂದು ಸೂಕ್ಷ್ಮವನ್ನೂ ಗುರುತಿಸುತ್ತಾನೆ. ತನ್ನ ಧೈರ್ಯ, ಚಾತುರ್ಯಗಳಿಂದ ಪಾರಾಗಬಹುದಾದ ಅಪಾಯವನ್ನು ಯುವಕರು ಅಪಾಯವೆಂದೇ ಎಣಿಸುವುದಿಲ್ಲ. ಅದು ಅವರನ್ನು ಆಕರ್ಷಿಸುತ್ತದೆ. ಆದ್ದರಿಂದ ಅಂತಹ ಕೆಲಸಕ್ಕೆ ಕೂಲಿ ಏರುವುದಿಲ್ಲ ಎಂಬುದು ಅವನ ವಾದ. ಸೈನಿಕ, ನಾವಿಕರ ಉದಾಹರಣೆ ಕೊಟ್ಟು ಅವನು ಹೇಳಿದ್ದು ಇಂದು ಜಿಗಿತಗಾರನಿಗೆ ಇನ್ನಷ್ಟು ಚೆನ್ನಾಗಿ ಅನ್ವಯಿಸುತ್ತದೆ. ಅವನು ಅಪಾಯಕ್ಕಾಗಿ ಕೂಲಿ ಪಡೆಯುವುದು ಹಾಗಿರಲಿ, ತಾನೇ ಹತ್ತಾರು ಸಾವಿರ ರೂಪಾಯಿ ತೆರುತ್ತಾನೆ.

ಅಡಿಕೆ ಮರ ಏರುವವರ ವಿಷಯದಲ್ಲಿ ಸ್ಮಿತ್‌ನ ವಾದ ಅರ್ಧ ಮಾತ್ರ ನಿಜವಾಯಿತು. ಒಂದು ಕಾಲಕ್ಕೆ ಬೇರೆ ದಾರಿಯಿಲ್ಲದೆ ಮರ ಏರಿದವರ ಮಕ್ಕಳಿಗೆ ಶಿಕ್ಷಣ ದೊರೆಯಿತು, ಊರುಬಿಟ್ಟು ಹೋಗುವ ಅವಕಾಶ ದೊರೆಯಿತು. ಅವರು ಮರದ ಬುಡಕ್ಕೆ ಬರಲಿಲ್ಲ. ಹೀಗೆ ಏರುವವರು ವಿರಳರಾದ ಮೇಲೆಯೇ ಕೂಲಿ ಏರಿದ್ದು. ಅಪಾಯಕ್ಕೆ ಬೆಲೆ ಬಂದದ್ದು ಅಪಾಯ ಹೆಚ್ಚಿದ್ದರಿಂದಲ್ಲ, ಬೇಡವೆನ್ನುವ ಸ್ವಾತಂತ್ರ್ಯ ಬಂದುದರಿಂದ. ಸಾಹಸಕ್ಕೂ ಸಂಕಟಕ್ಕೂ ಇರುವ ವ್ಯತ್ಯಾಸವೂ ಇದೇ. ಬುಟ್ಟಿಯ ಅಂಚಿನಲ್ಲಿ ನಿಂತವನು ಕೊನೆಯ ಕ್ಷಣದಲ್ಲಿ ‘ಬೇಡ’ ಎಂದು ಹಿಂದಕ್ಕೆ ಸರಿಯಬಹುದು. ಬಹುಕಾಲ ನಮ್ಮ ತೋಟಗಳಲ್ಲಿ ಹಾಗೆ ಹೇಳುವ ಹಕ್ಕು ಇರಲಿಲ್ಲ.

ಅಪಾಯವನ್ನು ತಗ್ಗಿಸುವ ಪ್ರಯತ್ನಗಳು ನಡೆದಿವೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ವಿಟ್ಲದಲ್ಲಿ 1956ರಲ್ಲಿ ಆರಂಭವಾಗಿ ಈಗ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಾಗಿರುವ ಸಂಶೋಧನಾ ಕೇಂದ್ರವು ಹಿರೇಹಳ್ಳಿಯ ಕುಬ್ಜ ತಳಿಯೊಡನೆ ಸಂಕರ ಮಾಡಿ ಗಿಡ್ಡ ಅಡಿಕೆ ತಳಿಗಳನ್ನು ರೂಪಿಸಿದೆ. ಮರ ಏರುವವನಿಗೆ ರಕ್ಷಣೆ ಕೊಡುವ ಒಂದು ವಿಧಾನವೆಂದರೆ ಮರವನ್ನೇ ಕೆಳಗಿಳಿಸುವುದು! ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಮರ ಏರುವ ಮೋಟಾರು ಯಂತ್ರವನ್ನು ರೂಪಿಸಿ 2019ರಲ್ಲಿ ದೇಶದ ಗಮನ ಸೆಳೆದರು. ನೆಲದಲ್ಲಿ ನಿಂತೇ ಕೊಯ್ಯುವ, ಸಿಂಪಡಿಸುವ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ತೆಂಗಿನ ಮರ ಏರುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯು ತರಬೇತಿಯನ್ನೂ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆಯನ್ನೂ ತಂದಿತು. ಇವೆಲ್ಲ ಸ್ವಾಗತಾರ್ಹ. ಆದರೆ ಆಕಾಶ ಜಿಗಿತದ ಜಗತ್ತು ಸುರಕ್ಷತೆಯನ್ನು ಸಾಧಿಸಿದ ಕ್ರಮದಿಂದ ನಾವು ಕಲಿಯಬೇಕಾದದ್ದು ಇನ್ನೂ ಇದೆ.

ಅನುಮತಿಯೋ, ನಿರಾಕರಣೆಯೋ

ಅಮೆರಿಕದ ಪ್ಯಾರಾಚೂಟ್ ಸಂಘದ ಲೆಕ್ಕದಂತೆ 1970ರ ದಶಕದಲ್ಲಿ ಅಲ್ಲಿ ವರ್ಷಕ್ಕೆ ಸರಾಸರಿ 40ಕ್ಕೂ ಹೆಚ್ಚು ಜಿಗಿತಗಾರರು ಸಾಯುತ್ತಿದ್ದರು. 2023ರಲ್ಲಿ ಸುಮಾರು 36.5 ಲಕ್ಷ ಜಿಗಿತಗಳು ನಡೆದವು, ಸತ್ತವರು 10 ಮಂದಿ. ಈ ಇಳಿಕೆ ಧೈರ್ಯ ಹೆಚ್ಚಿದ್ದರಿಂದ ಬಂದದ್ದಲ್ಲ. ಪ್ರತಿಯೊಬ್ಬನ ಬೆನ್ನಿಗೆ ಎರಡನೆಯ ಪ್ಯಾರಾಚೂಟ್ ಇರಬೇಕೆಂಬ ನಿಯಮ, ಜಿಗಿದವನಿಗೆ ಪ್ರಜ್ಞೆ ತಪ್ಪಿದರೂ ನಿಗದಿತ ಎತ್ತರದಲ್ಲಿ ತಾನಾಗಿ ಅದನ್ನು ಬಿಚ್ಚುವ ಉಪಕರಣ, ಹಂತ ಹಂತದ ತರಬೇತಿ ಇವೆಲ್ಲ ಕಾರಣ. ಎಲ್ಲಕ್ಕೂ ಮಿಗಿಲಾಗಿ ಪ್ರತಿಯೊಂದು ಸಾವಿನ ಕಾರಣವನ್ನೂ ಬಹಿರಂಗವಾಗಿ ವಿಶ್ಲೇಷಿಸಿ ಎಲ್ಲರಿಗೂ ತಿಳಿಸುವ ಪರಿಪಾಠ. ನಮ್ಮ ದೇಶದ ರಸ್ತೆಗಳಲ್ಲಿ 2022ರಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ 50,029 ಮಂದಿ ಹೆಲ್ಮೆಟ್ ಧರಿಸಿರಲಿಲ್ಲ. ಆಕಾಶದಿಂದ ಧುಮುಕುವವನನ್ನು ಹುಚ್ಚನೆಂದು ನಗುವ ನಾವು ತಲೆಗೆ ಹೆಲ್ಮೆಟ್ ಇಲ್ಲದೆ ಮಗುವನ್ನು ಮುಂದೆ ಕೂರಿಸಿಕೊಂಡು ಹೆದ್ದಾರಿಗೆ ಇಳಿಯುತ್ತೇವೆ.

ನಮ್ಮಲ್ಲಿ ವಾಯುಕ್ರೀಡೆಯ ಕಾನೂನಿಗೆ ಕೊರತೆಯಿಲ್ಲ. 1934ರ ವಿಮಾನ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಬಲೂನೂ ವಿಮಾನವೇ, ಗಾಳಿಪಟವೂ ವಿಮಾನವೇ! ಆ ಕಾಯ್ದೆಯ ಸ್ಥಾನದಲ್ಲಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಜಾರಿಗೆ ಬಂದಿದೆ. ಬಲೂನು ನಡೆಸುವವನಿಗೆ ಪರವಾನಗಿ ಬೇಕು, ಜಿಗಿಯಲು ಅನುಮತಿ ಬೇಕು. ಕೊರತೆ ಇರುವುದು ಕಾನೂನಿನ ನಡವಳಿಕೆಯಲ್ಲಿ. ಆಡಳಿತ ಸೇವೆಯಲ್ಲಿ ದುಡಿದವರೆಲ್ಲ ಬಲ್ಲ ಒಂದು ಸತ್ಯವಿದೆ: ಅನುಮತಿ ನಿರಾಕರಿಸಿದ ಅಧಿಕಾರಿಯನ್ನು ಯಾರೂ ಪ್ರಶ್ನಿಸುವುದಿಲ್ಲ, ಅನುಮತಿ ಕೊಟ್ಟವನು ಮಾತ್ರ ಅನಾಹುತವಾದಾಗ ವಿವರಣೆ ಕೊಡಬೇಕಾಗುತ್ತದೆ. ಹೀಗಾಗಿ ಕಡತ ಮೇಜಿನಿಂದ ಮೇಜಿಗೆ ಸರಿಯುತ್ತದೆ, ‘ಪರಿಶೀಲಿಸಿ ಮಂಡಿಸಿ’ ಎಂಬ ಷರಾ ಹೊತ್ತು ಮರಳುತ್ತದೆ. ಈ ವಿಳಂಬದಿಂದ ಸಾಹಸ ನಿಲ್ಲುವುದಿಲ್ಲ. ಅದು ಕಡತದ ಹೊರಗೆ ನಡೆಯುತ್ತದೆ. 2025ರ ಜನವರಿಯಲ್ಲಿ ಗೋವಾದಲ್ಲಿ ಪ್ಯಾರಾಗ್ಲೈಡರ್ ಬಿದ್ದು ಪ್ರವಾಸಿ ಯುವತಿಯೂ ಅದನ್ನು ನಡೆಸುತ್ತಿದ್ದ ಯುವಕನೂ ಸತ್ತರು. ಆ ವ್ಯವಹಾರ ಅಕ್ರಮವಾಗಿ ನಡೆಯುತ್ತಿತ್ತೆಂದು ಪೊಲೀಸರು ಹೇಳಿದರು. ನಿಯಮ ಪಾಲಿಸುವವನಿಗೆ ಬಾಗಿಲು ಮುಚ್ಚಿ, ಪಾಲಿಸದವನಿಗೆ ಬೇಲಿಯ ಕಂಡಿ ಬಿಟ್ಟಂತಾಯಿತು.

2022ರ ನೀತಿ ಈ ವಿಷಯದಲ್ಲಿ ಸರಿಯಾದ ದಿಕ್ಕಿನ ಹೆಜ್ಜೆ. ರಾಷ್ಟ್ರಮಟ್ಟದ ವಾಯುಕ್ರೀಡಾ ಒಕ್ಕೂಟವೊಂದನ್ನು ಮೇಲಿಟ್ಟು, ಆಯಾ ಕ್ರೀಡೆಯ ಸಂಘಗಳೇ ಸುರಕ್ಷತೆಯ ಮಾನದಂಡಗಳನ್ನು ರೂಪಿಸಿ ಹೊಣೆ ಹೊರಬೇಕೆಂಬುದು ಅದರ ಆಶಯ. ಕರ್ನಾಟಕದಲ್ಲಿ ಜನರಲ್ ತಿಮ್ಮಯ್ಯ ಅವರ ಹೆಸರಿನ ಸಾಹಸ ಅಕಾಡೆಮಿ ಇದೆ, ಮೈಸೂರಿನಂತಹ ಒಪ್ಪುವ ನೆಲವಿದೆ, ಬೆಂಗಳೂರಿನಲ್ಲಿ ವೈಮಾನಿಕ ವಿದ್ಯೆಯ ದೊಡ್ಡ ಪರಂಪರೆಯಿದೆ. ರಾಜ್ಯ ಸರ್ಕಾರ ಮಾಡಬೇಕಾದದ್ದು ಮೂರು ಕೆಲಸ. ಅರ್ಜಿಗೆ ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರವನ್ನು ಕಾರಣಸಹಿತವಾಗಿ ಗೊತ್ತಾದ ಅವಧಿಯೊಳಗೆ ಕೊಡುವುದು. ವಿಮೆಯಿಲ್ಲದೆ ಯಾವ ಬುಟ್ಟಿಯೂ ನೆಲ ಬಿಡದಂತೆ ನೋಡಿಕೊಳ್ಳುವುದು. ನಡೆದ ಪ್ರತಿಯೊಂದು ಅಪಘಾತದ ತನಿಖಾ ವರದಿಯನ್ನು ಸಾರ್ವಜನಿಕರ ಮುಂದಿಡುವುದು. ಇವಾವುದಕ್ಕೂ ಹೆಚ್ಚಿನ ಹಣ ಬೇಡ.

ಇದೇ ಮೂರು ಕೆಲಸಗಳನ್ನು ಅಡಿಕೆ ಮರ ಏರುವವನಿಗೂ ಮಾಡಬಹುದು. ಅವನಿಗೆ ತರಬೇತಿಯ ಪ್ರಮಾಣಪತ್ರ, ಕೂಲಿಯೊಡನೆಯೇ ಸೇರಿದ ವಿಮೆಯ ಕಂತು, ತೋಟದಲ್ಲಿ ಬಿದ್ದು ಸತ್ತವರ ಮತ್ತು ಅಂಗವಿಕಲರಾದವರ ಸರಿಯಾದ ಲೆಕ್ಕ ಇರಬೇಕು. ಅವನು ಬಿದ್ದಾಗ ‘ಗ್ರಹಚಾರ’ ಎನ್ನುವ ಒಂದು ಮಾತಿನಿಂದ ತನಿಖೆ ಮುಗಿಯುತ್ತದೆ. ಬಲೂನಿನಿಂದ ಬಿದ್ದವನಿಗಾದರೆ ಚೀಲದ ಹೊಲಿಗೆಯಿಂದ ಚಾಲಕನ ರಕ್ತದವರೆಗೆ ಎಲ್ಲವನ್ನೂ ಪರೀಕ್ಷಿಸುತ್ತಾರೆ. ಎರಡೂ ಜೀವಗಳಿಗೆ ಗುರುತ್ವಾಕರ್ಷಣೆ ಒಂದೇ. ನಮ್ಮ ಲೆಕ್ಕದ ಪುಸ್ತಕ ಮಾತ್ರ ಬೇರೆ ಬೇರೆ.

ಯುವಕರು ಬಲೂನಿನಿಂದ ಜಿಗಿಯಬೇಕೆಂದರೆ ಜಿಗಿಯಲಿ. ಅಪಾಯವನ್ನು ಎದುರುಗೊಳ್ಳುವ ಮನಸ್ಸಿಲ್ಲದ ಸಮಾಜ ಹೊಸತನ್ನು ಕಾಣಲಾರದು. ಕೋಲ್ಕತ್ತದ ಕಸರತ್ತುಪಟುವೊಬ್ಬರು ಸುಮಾರು ನೂರಮೂವತ್ತೈದು ವರ್ಷಗಳ ಹಿಂದೆ ತೋರಿದ ಎದೆಗಾರಿಕೆ ನಮ್ಮ ನೆಲದ್ದೇ. ಆದರೆ ಧೈರ್ಯಕ್ಕೆ ಬೆನ್ನಿಗೊಂದು ಕೊಡೆ ಬೇಕು, ಅದು ಬಿಚ್ಚಿಕೊಳ್ಳದಿದ್ದರೆ ಇನ್ನೊಂದು ಬೇಕು. ಆ ಎರಡನೆಯ ಕೊಡೆಯನ್ನು ಒದಗಿಸುವುದು ನಾಗರಿಕ ವ್ಯವಸ್ಥೆಯ ಕೆಲಸ. ಹಣ ತೆತ್ತು ಆಕಾಶಕ್ಕೆ ಏರುವವನಿಗೂ, ಹೊಟ್ಟೆಪಾಡಿಗಾಗಿ ಮರ ಏರುವವನಿಗೂ ಅದು ಒಂದೇ ಅಳತೆಯಲ್ಲಿ ಸಿಗುವಂತಾದರೆ ಮಾತ್ರ ಅದನ್ನು ನೀತಿ ಎನ್ನಬಹುದು.